ಕ್ಯಾಪ್ಟನ್ ಪೆನ್‌ಹಾಲೋ ಮತ್ತು ನನ್ನ ಎಡಗೆನ್ನೆ

ಈ ಸಭೆಯ ಅಧ್ಯಕ್ಷರೂ ನಮ್ಮ ಪೋಲ್‌ವಿನ್ ಊರಿನ ಪಾದ್ರಿಗಳೂ ಆದ ಪೂಜ್ಯ ಟ್ರೆಮೇನ್ ಅವರೇ, ಈ ಸಂಜೆಯ ಕೇಸರಿ ಬನ್ನುಗಳಿಗಾಗಿ ತಮ್ಮ ಮನೆಯ ಇಡೀ ತಿಂಗಳ ಸಕ್ಕರೆ ರೇಷನ್ನನ್ನು ಧಾರೆಯೆರೆದ ಶ್ರೀಮತಿ ಬಿಡಿಕ್ ಅವರೇ, ಕುರ್ಚಿಗೆ ಬೆನ್ನು ತಾಗಿಸದೆ ಕುಳಿತಿರುವ ಇಂದಿನ ಬೀಳ್ಕೊಡುಗೆಯ ನಾಯಕರಾದ ಕ್ಯಾಪ್ಟನ್ ಎಡ್ಗರ್ ಪೆನ್‌ಹಾಲೋ ಅವರೇ, ಹಿಂದುಗಡೆ ಚಹಾದ ಹಂಡೆಯ ಪಕ್ಕದಲ್ಲಿ ನಿಂತೇ ಇರುವ ಅವರ ತಂಗಿ ಮಿಸ್ ಹೆಸ್ಟರ್ ಅವರೇ (ದಯವಿಟ್ಟು ಕುಳಿತುಕೊಳ್ಳಿ, ಚಹಾ ತನ್ನಷ್ಟಕ್ಕೆ ತಾನೇ ಕುದಿಯುತ್ತದೆ), ಹಾಗೂ ಬನ್ನಿಗಾಗಿ ಬಂದು ಭಾಷಣಕ್ಕೆ ಸಿಕ್ಕಿಬಿದ್ದಿರುವ ನನ್ನ ಪ್ರೀತಿಯ ಸಭಿಕರೇ,

ಅಧ್ಯಕ್ಷರು ನನ್ನ ಕೈಗೆ ಒಂದು ಚೀಟಿ ಕೊಟ್ಟಿದ್ದಾರೆ. ಅದರಲ್ಲಿ ಮೂರು ಸೂಚನೆಗಳಿವೆ. ಹತ್ತು ನಿಮಿಷ ಮಾತ್ರ. ಕ್ಯಾಪ್ಟನ್ ಸಾಹೇಬರ ನೌಕಾಸೇವೆಯ ಬಗ್ಗೆ ಮಾತ್ರ. ಕೋಳಿಗಳ ಸುದ್ದಿ ಬೇಡ. ಮೂರನ್ನೂ ಪಾಲಿಸಲು ನಾನು ಪ್ರಾಮಾಣಿಕವಾಗಿ ಪ್ರಯತ್ನಿಸುತ್ತೇನೆ. ಆಗದಿದ್ದರೆ ಕ್ಷಮೆ ಇರಲಿ. ಕ್ಷಮಿಸುವುದು ಪಾದ್ರಿಗಳ ಉದ್ಯೋಗವೇ ತಾನೆ?

ನಿಮ್ಮೆಲ್ಲರ ಕಣ್ಣು ನನ್ನ ಮುಖದ ಮೇಲಿರುವುದು ನನಗೆ ಗೊತ್ತು. ಇಪ್ಪತ್ತೈದು ವರ್ಷಗಳಿಂದ ಈ ಊರಿನ ಗಂಡಸರ ಗಡ್ಡ ಬೋಳಿಸುತ್ತ ಬಂದ ಕ್ಷೌರಿಕ ಸೈಲಸ್ ಕಿಟ್ಟೋ, ತಾನೇ ಹದಿನಾಲ್ಕು ದಿನಗಳಿಂದ ಗಡ್ಡ ಬೋಳಿಸಿಲ್ಲ. ಮೊನ್ನೆ ಮೀನುಕಟ್ಟೆಯ ಹತ್ತಿರ ಶ್ರೀಮತಿ ಬಿಡಿಕ್ ನನ್ನನ್ನು ನಡುಬೀದಿಯಲ್ಲಿ ನಿಲ್ಲಿಸಿ ಕೇಳಿದರು:

"ಏನ್ರೀ ಕಿಟ್ಟೋ, ಕತ್ತಿ ಕಳೆದುಹೋಯ್ತಾ, ಕನ್ನಡಿ ಒಡೆದುಹೋಯ್ತಾ?"

"ಎರಡೂ ಸರಿಯಾಗಿವೆ ಅಮ್ಮಾ. ಇದು ಒಂದು ಅರ್ಜಿ."

"ಅರ್ಜಿನ ಕಾಗದದ ಮೇಲೆ ಬರೀರಿ. ಮುಖದ ಮೇಲೆ ಯಾಕೆ ಬರೀತೀರಿ? ನಮ್ಮನೆ ಬೆಕ್ಕು ಹೆದರ್ಕೊಂಡಿದೆ."

ಆ ಬೆಕ್ಕಿನ ಮನಸ್ಸಿಗೂ ಸಮಾಧಾನವಾಗುವಂತೆ ಈ ಸಭೆಯಲ್ಲೇ ವಿವರಿಸಿಬಿಡುತ್ತೇನೆ. ನಮ್ಮ ನೌಕಾಪಡೆಯಲ್ಲಿ ಗಡ್ಡ ಎಂಬುದು ದೇವರು ಕೊಟ್ಟದ್ದಲ್ಲ, ಕ್ಯಾಪ್ಟನ್ ಕೊಟ್ಟದ್ದು. ನಾವಿಕನಿಗೆ ಗಡ್ಡ ಬೇಕಾದರೆ ಅವನು ಹಡಗಿನ ಯಜಮಾನನ ಮುಂದೆ ಸಾಲಿನಲ್ಲಿ ನಿಂತು, ಟೋಪಿ ತೆಗೆದು, "ಕ್ಷೌರ ನಿಲ್ಲಿಸಲು ಅನುಮತಿ ಕೋರುತ್ತೇನೆ, ಸರ್" ಎನ್ನಬೇಕು. ಬರೀ ಮೀಸೆ ಬಿಡುವಂತಿಲ್ಲ. ಮೀಸೆ ಗಡ್ಡ ಎರಡೂ ಜೋಡಿಯಾಗಿ ಬರಬೇಕು. ಕ್ಯಾಪ್ಟನ್ ಹದಿನಾಲ್ಕು ದಿನ ಗಡುವು ಕೊಡುತ್ತಾರೆ. ಹದಿನಾಲ್ಕನೆಯ ದಿನ ತಪಾಸಣೆ. ಬೆಳೆ ಚೆನ್ನಾಗಿದ್ದರೆ "ಒಪ್ಪಿದೆ" ಎನ್ನುತ್ತಾರೆ. ಇಲ್ಲದಿದ್ದರೆ "ಬೋಳಿಸು" ಎನ್ನುತ್ತಾರೆ. ಮೂರನೆಯದೊಂದು ಉತ್ತರವೂ ಇದೆ: "ಮುಂದೂಡಿದೆ." ಈ ಮೂರನೆಯದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನ್ನ ಬಾಳಿನ ಇಪ್ಪತ್ತೊಂಬತ್ತು ವರ್ಷಗಳನ್ನು ನುಂಗಿದ್ದು ಅದೇ.

ಇಂದು ನನ್ನ ಹದಿನಾಲ್ಕನೆಯ ದಿನ. ನಾಳೆ ಬೆಳಗ್ಗೆ ಹತ್ತು ಇಪ್ಪತ್ತರ ರೈಲಿಗೆ ಕ್ಯಾಪ್ಟನ್ ಸಾಹೇಬರೂ ಮಿಸ್ ಹೆಸ್ಟರ್ ಅವರೂ ಈ ಊರು ಬಿಟ್ಟು ಡರ್ಬಿಶೈರಿಗೆ ಹೋಗುತ್ತಾರೆ. ಅಷ್ಟರೊಳಗೆ ನನ್ನ ಅರ್ಜಿ ತೀರ್ಮಾನವಾಗಬೇಕು. ಇರಲಿ. ಮೊದಲು ಸೇವೆಯ ವಿಷಯ.

ಕ್ಯಾಪ್ಟನ್ ಸಾಹೇಬರು ಹುಟ್ಟಿದ್ದು ಇದೇ ಊರಿನ ಗುಡ್ಡದ ಮೇಲಿನ ಮನೆಯಲ್ಲಿ. ನೌಕಾಪಡೆಗೆ ಹೋಗಿದ್ದು ಹದಿನೈದನೆಯ ವಯಸ್ಸಿನಲ್ಲಿ, ಮೀಸೆ ಮೂಡುವ ಮೊದಲೇ. ಆದರೆ ಶಿಸ್ತು ಅದಕ್ಕೂ ಮೊದಲೇ ಮೂಡಿತ್ತಂತೆ. ಮೊದಲ ರಜೆಗೆ ಬಂದಾಗ ಅವರು ತಂಗಿಯ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡಿದರು. ಒಂದು ಗೊಂಬೆಯ ತಲೆ ಕೆದರಿತ್ತೆಂದು ಅದಕ್ಕೆ ಮೂರು ದಿನ ಪೆಟ್ಟಿಗೆಯಲ್ಲಿ ಬಂಧನದ ಶಿಕ್ಷೆ ವಿಧಿಸಿ ಬೀಗ ಹಾಕಿದರು. "ಆಮೇಲೆ ಏನಾಯ್ತು?" ಎಂದು ನಾನು ಕೇಳಿದೆ. "ಏನಾಗೋದು? ನಾನು ಬೀಗ ಮುರಿದೆ," ಎಂದರು ಮಿಸ್ ಹೆಸ್ಟರ್. ಆಗ ಅವರಿಗೆ ಒಂಬತ್ತು ವರ್ಷ. ಇದನ್ನು ಹೇಳುವಾಗ ಅವರು ನೀಲಿ ಏಪ್ರನ್ ಹಾಕಿಕೊಂಡಿದ್ದರು, ಕೈಯಲ್ಲಿ ಅರ್ಧ ಸುಲಿದ ಆಲೂಗಡ್ಡೆ ಇತ್ತು... ಆಲೂಗಡ್ಡೆಗೂ ನೌಕಾಸೇವೆಗೂ ಏನು ಸಂಬಂಧ ಎಂದು ಅಧ್ಯಕ್ಷರು ನೋಡುತ್ತಿದ್ದಾರೆ. ಸಂಬಂಧವಿಲ್ಲ. ಮುಂದಕ್ಕೆ ಹೋಗುತ್ತೇನೆ.

ಸಾವಿರದ ಒಂಬೈನೂರ ಹದಿನೈದು. ಮೊದಲ ಮಹಾಯುದ್ಧ. ಉತ್ತರ ಸಮುದ್ರದಲ್ಲಿ 'ಡಾರ್ಮೌಸ್' ಎಂಬ ಪುಟ್ಟ ಯುದ್ಧನೌಕೆ. ಅದರ ಯಜಮಾನರು ಮೂವತ್ತು ವರ್ಷದ ಪೆನ್‌ಹಾಲೋ. ನಾನು ಅದರಲ್ಲಿ ಸಾಮಾನ್ಯ ನಾವಿಕ, ಬಿಡುವಿನ ಹೊತ್ತಿನಲ್ಲಿ ಕ್ಷೌರಿಕ. ಒಂದೇ ಊರಿನವರು ಎಂಬ ಸಲಿಗೆ ಇರಬಹುದೆಂದು ನಾನು ಗಡ್ಡದ ಅರ್ಜಿ ಹಾಕಿದೆ. ಹದಿನಾಲ್ಕನೆಯ ದಿನ ಅವರು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದು ನನ್ನ ಎಡಗೆನ್ನೆಯಲ್ಲಿ ಅಂಗೈಯಗಲ ಕೂದಲು ಹುಟ್ಟುವುದಿಲ್ಲ.

"ಇಲ್ಲೇನಯ್ಯ ಇದು?"

"ಅಲ್ಲಿ ಸ್ವಲ್ಪ ನಿಧಾನ ಸರ್. ಬರ್ತದೆ."

"ಯಾವಾಗ? ಯುದ್ಧ ಮುಗಿದ ಮೇಲಾ? ಇದು ಗಡ್ಡ ಅಲ್ಲ ಕಿಟ್ಟೋ, ಜಗಳದಲ್ಲಿ ಸೋತ ಬ್ರಷ್ಷು. ಬೋಳಿಸು."

ಮರುವರ್ಷ ಮತ್ತೆ ಅರ್ಜಿ ಹಾಕಿದೆ. ಮತ್ತೆ ಹದಿನಾಲ್ಕು ದಿನ. ಈ ಸಲ ಅವರು ಮಾತೇ ಆಡಲಿಲ್ಲ. ಬೆರಳಿನಿಂದ ಗಾಳಿಯಲ್ಲಿ ಕತ್ತಿ ಎಳೆದು ತೋರಿಸಿ ಮುಂದಿನವನ ಕಡೆ ತಿರುಗಿದರು.

ಸಭಿಕರೇ, ಇದನ್ನು ಕೇಳಿ ನೀವು ನಗುತ್ತಿದ್ದೀರಿ. ನಗಿ. ಆದರೆ ಹದಿನೇಳನೆಯ ಇಸವಿಯ ಕಥೆಯನ್ನೂ ಕೇಳಿ. ಮಾರ್ಚ್ ತಿಂಗಳ ಒಂದು ಬೆಳಗ್ಗೆ 'ಡಾರ್ಮೌಸ್' ಶತ್ರುಗಳು ನೀರಿನಲ್ಲಿ ಹುದುಗಿಸಿಟ್ಟ ಸಿಡಿಗುಂಡಿಗೆ ತಾಗಿ ಎರಡು ತುಂಡಾಯಿತು. ಒಂದೇ ಒಂದು ದೋಣಿಯಲ್ಲಿ ನಾವು ಹದಿನೇಳು ಜನ. ಮೂರು ದಿನ. ನೀರಿನ ಪೀಪಾಯಿ ಬಿರುಕು ಬಿಟ್ಟಿತ್ತು. ಮೂರನೆಯ ದಿನ ಯಾರೂ ಮಾತಾಡುತ್ತಿರಲಿಲ್ಲ. ಒಬ್ಬ ಹುಟ್ಟನ್ನು ಕೈಬಿಟ್ಟು ಸುಮ್ಮನೆ ಕುಳಿತಿದ್ದ. ಆಗ ಕ್ಯಾಪ್ಟನ್ ಸಾಹೇಬರು ದೋಣಿಯ ಹಿಂತುದಿಯಿಂದ ನನ್ನನ್ನೇ ದಿಟ್ಟಿಸಿ ನೋಡಿದರು.

"ಕಿಟ್ಟೋ, ನಿನ್ನ ಮುಖದ ಮೇಲೆ ಅದೇನು?"

"ಮೂರು ದಿನದ ಗಡ್ಡ ಸರ್."

"ಅನುಮತಿ ತಗೊಂಡಿದ್ದೀಯಾ?"

"ಇಲ್ಲ ಸರ್."

"ಹಾಗಾದ್ರೆ ದಡ ಸೇರಿದ ತಕ್ಷಣ ಬೋಳಿಸು. ಇದು ಆಜ್ಞೆ."

ಆಮೇಲೆ ಮುಂದಿನ ತುದಿಯಲ್ಲಿದ್ದವನೊಬ್ಬ ಕಿಸಕ್ಕನೆ ನಕ್ಕ. ನಂತರ ಹದಿನಾರೂ ಜನ ಒಡೆದ ತುಟಿಗಳಲ್ಲಿ ನಕ್ಕೆವು. ಯಾಕೆ ಗೊತ್ತೆ? ಗಡ್ಡದ ಮಾತಿಗಲ್ಲ. ಆ ಮನುಷ್ಯ "ದಡ ಸೇರಿದರೆ" ಎನ್ನಲಿಲ್ಲ, "ದಡ ಸೇರಿದ ತಕ್ಷಣ" ಎಂದರು. ಅವರ ಲೆಕ್ಕದಲ್ಲಿ ದಡ ಅಲ್ಲೇ ಎಲ್ಲೋ ಇತ್ತು. ಬಾಕಿ ಇದ್ದದ್ದು ನನ್ನ ಕ್ಷೌರವೊಂದೇ. ಹುಟ್ಟು ಬಿಟ್ಟವನು ಬಾಗಿ ಅದನ್ನು ಹಿಡಿದುಕೊಂಡ. ಮಧ್ಯಾಹ್ನದ ಹೊತ್ತಿಗೆ ಮೀನುದೋಣಿಯೊಂದು ನಮ್ಮನ್ನು ಕಂಡಿತು. ದಡದಲ್ಲಿ ಇಳಿದವನೇ ನಾನು ಮೊದಲು ಕೇಳಿದ್ದು ನೀರಲ್ಲ, ಸೋಪು. ಆ ದೋಣಿಯ ಹದಿನೇಳು ಜನರಲ್ಲಿ ಹದಿನೇಳೂ ಜನ ಬದುಕಿದರು. ಇದಕ್ಕಾಗಿ ಅವರಿಗೆ ಪದಕ ಬಂತು. ಪದಕದ ಕಾಗದದಲ್ಲಿ ಗಡ್ಡದ ಪ್ರಸ್ತಾಪವಿಲ್ಲ. ಇತಿಹಾಸ ಬರೆಯುವವರಿಗೆ ಮುಖ್ಯವಾದದ್ದು ಯಾವಾಗ ಕಂಡಿದೆ?

ಯುದ್ಧ ಮುಗಿಯಿತು. ಹತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ನಾನು ಸಾಹೇಬರ ಪೆಟ್ಟಿಗೆ ಹೊತ್ತು ಗುಡ್ಡದ ಮನೆಗೆ ಹೋದೆ. ಅಡುಗೆಮನೆಯಲ್ಲಿ ಅವರ ತಂಗಿ ಆಲೂಗಡ್ಡೆ ಸುಲಿಯುತ್ತಿದ್ದರು. ಆಗ ಹೇಳಿದ ಆಲೂಗಡ್ಡೆ ಇದೇ. ಸಾಹೇಬರು ಕ್ಷೌರ ಮಾಡಿಸಿಕೊಳ್ಳಲು ಅಲ್ಲೇ ಸ್ಟೂಲಿನ ಮೇಲೆ ಕುಳಿತರು. ಮಿಸ್ ಹೆಸ್ಟರ್ ನನ್ನ ಕಡೆ ನೋಡಿ ಕೇಳಿದರು:

"ಹಡಗಿನಲ್ಲಿ ಇವನು ಎಲ್ಲರಿಗೂ ಹೀಗೇ ಹುಕುಂ ಮಾಡ್ತಾನಾ ಮಿಸ್ಟರ್ ಕಿಟ್ಟೋ?"

"ಹೌದು ಮಿಸ್."

"ಯಾರೂ ತಿರುಗಿ ಮಾತಾಡಲ್ವಾ?"

"ಇಲ್ಲ ಮಿಸ್."

"ಅಯ್ಯೋ ಪಾಪ, ಅದಕ್ಕೇ ಹೀಗಾಗಿದ್ದಾನೆ."

ನನ್ನ ಕೈಯಲ್ಲಿದ್ದ ಕತ್ತರಿ ಜಾರಿತು. ಅಂದಿನ ಸಾಹೇಬರ ಭಾವಚಿತ್ರ ಅವರ ಮನೆಯ ಗೋಡೆಯ ಮೇಲಿದೆ. ಬಲಗಿವಿಯ ಮೇಲೆ ಒಂದು ಖಾಲಿ ಜಾಗ ಕಾಣುತ್ತದೆ. ಅದು ಯುದ್ಧದ ಗಾಯ ಎಂದು ನೀವೆಲ್ಲ ನಂಬಿದ್ದೀರಿ. ನಾನು ಇಂದಿನವರೆಗೂ ತಿದ್ದಿರಲಿಲ್ಲ. ಆ ಬೇಸಿಗೆಯಲ್ಲಿ ಸಾಹೇಬರ ಕೂದಲು ಎಷ್ಟು ವೇಗವಾಗಿ ಬೆಳೆಯಿತೋ ಕಾಣೆ, ಐದು ವಾರದಲ್ಲಿ ಆರು ಸಲ ಕ್ಷೌರ ಮಾಡಲು ಹೋದೆ. ಏಳನೆಯ ವಾರ, 'ಡಾರ್ಮೌಸ್' ಮುಳುಗಿದ ಮೇಲೆ ಸಾಹೇಬರಿಗೆ ಕೊಟ್ಟಿದ್ದ ಹಡಗಿಗೆ ಮರಳಿ ಒಂದು ಅರ್ಜಿ ಹಾಕಿದೆ. ಅದು ಗಡ್ಡದ ಬಗ್ಗೆ ಅಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸೇವೆ, ಸೇವೆ. ಬರುತ್ತೇನೆ.

ಇಪ್ಪತ್ತೆರಡನೆಯ ಇಸವಿಯಲ್ಲಿ ಸರ್ಕಾರಕ್ಕೆ ಹಡಗುಗಳೂ ಹೆಚ್ಚೆನಿಸಿದವು, ಅಧಿಕಾರಿಗಳೂ ಹೆಚ್ಚೆನಿಸಿದರು. ನೂರಾರು ಜನರನ್ನು ಮನೆಗೆ ಕಳಿಸಿದರು. ಮೂವತ್ತೇಳು ವರ್ಷದ, ಸಮುದ್ರ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಗಂಡಸು ಏನು ಮಾಡಬೇಕು? ಆ ಕಾಲದಲ್ಲಿ ಅಂಥವರೆಲ್ಲ ಏನು ಮಾಡಿದರೋ ಇವರೂ ಅದನ್ನೇ ಮಾಡಿದರು. ಪೂಜ್ಯರೇ, ನನ್ನನ್ನು ಕ್ಷಮಿಸಿ: ಕೋಳಿ ಸಾಕಿದರು. ಇನ್ನೂರು ಕೋಳಿ. ಬೆಳಗ್ಗೆ ಆರಕ್ಕೆ ಗಂಟೆ, ಆರೂಕಾಲಿಗೆ ಹಾಜರಿ. ಗೂಡುಗಳಿಗೆ ಬಂದರಿನ ಕಡೆಯದು, ಸಮುದ್ರದ ಕಡೆಯದು ಎಂದು ಹೆಸರು. ಹುಂಜವೊಂದು ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದ್ದಕ್ಕೆ ಅದನ್ನು ಎಲ್ಲ ಹೇಂಟೆಗಳ ಎದುರಿಗೆ ನಿಲ್ಲಿಸಿ ಛೀಮಾರಿ ಹಾಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹುಂಜ ಬಹಳ ನೊಂದುಕೊಂಡಿತು. ಎರಡನೆಯ ಚಳಿಗಾಲದಲ್ಲಿ ನರಿಯೊಂದು ಯಾವ ಅರ್ಜಿಯನ್ನೂ ಹಾಕದೆ ಒಳಗೆ ಬಂದು, ಸಾಹೇಬರ ಎರಡನೆಯ ಕೆಲಸವನ್ನೂ ಮುಗಿಸಿಬಿಟ್ಟಿತು. ಆಮೇಲಿನ ವರ್ಷಗಳಲ್ಲಿ ಊರಿನ ಮಕ್ಕಳಿಗೆ ಪಿಯಾನೋ ಕಲಿಸಿ ಮನೆ ನಡೆಸಿದ್ದು ಮಿಸ್ ಹೆಸ್ಟರ್. ಇದು ನೌಕಾಸೇವೆಯಲ್ಲಿ ಸೇರುತ್ತದೋ ಇಲ್ಲವೋ, ನನ್ನ ಪ್ರಕಾರ ಸೇರಬೇಕು.

ನಾನೂ ನೌಕಾಪಡೆ ಬಿಟ್ಟು ಇಲ್ಲಿ ಅಂಗಡಿ ತೆರೆದೆ. ಬಂದರಿನ ಪಕ್ಕದಲ್ಲಿ, ಗಿರಾಕಿಗಳು ತುಂಬಿ ತುಳುಕುವ ಕಡೆ, ಜಾಗ ಖಾಲಿ ಇತ್ತು. ನಾನು ಹಿಡಿದದ್ದು ಗುಡ್ಡದ ಅರ್ಧದಲ್ಲಿ, ಏದುಸಿರು ಬಿಡುತ್ತ ಹತ್ತಬೇಕಾದ ಜಾಗ. "ಇಲ್ಲಿಗೆ ಯಾರಪ್ಪಾ ಬರ್ತಾರೆ?" ಎಂದು ನಮ್ಮಮ್ಮ ತಲೆ ಚಚ್ಚಿಕೊಂಡಳು. "ಗಾಳಿ ಬೆಳಕು ಚೆನ್ನಾಗಿದೆ ಅಮ್ಮ," ಎಂದೆ. ಗಾಳಿ ಬೆಳಕು ನಿಜವಾಗಿಯೂ ಚೆನ್ನಾಗಿದೆ. ಕಿಟಕಿಯ ಎದುರಿಗೆ ಪೆನ್‌ಹಾಲೋ ಮನೆಯ ಗೇಟು ಇರುವುದು ಕೇವಲ ಆಕಸ್ಮಿಕ. ಯಾಕೆ ನಗುತ್ತೀರಿ?

ಮೂವತ್ತೊಂಬತ್ತರಲ್ಲಿ ಎರಡನೆಯ ಮಹಾಯುದ್ಧ. ಬೇಡವೆಂದು ಮನೆಗೆ ಕಳಿಸಿದವರನ್ನೇ ಸರ್ಕಾರ ಮತ್ತೆ ಕರೆಯಿತು. ಸಾಹೇಬರಿಗೆ ಐವತ್ತನಾಲ್ಕು ವರ್ಷ, ಎರಡೂ ಮಂಡಿ ನೋವು. ನನಗೆ ನಲವತ್ತೊಂಬತ್ತು. ಕೊಟ್ಟ ಹಡಗಿನ ಹೆಸರು 'ಪಾರ್ಸ್ಲಿ'. ಸಾರಿಗೆ ಉದುರಿಸುವ ಸೊಪ್ಪಿನ ಹೆಸರಿಟ್ಟುಕೊಂಡು ನಾವು ಅಟ್ಲಾಂಟಿಕ್ ಸಾಗರದಲ್ಲಿ ಸರಕು ಹಡಗುಗಳಿಗೆ ಕಾವಲು ಕಾದೆವು. ಆ ಹಡಗು ಒದ್ದೆ ಹುಲ್ಲಿನ ಮೇಲೂ ಹೊಯ್ದಾಡುವಂಥದ್ದು. ಹೊರಡುವ ಮುನ್ನ ಮಿಸ್ ಹೆಸ್ಟರ್ ಎಲ್ಲ ನಾವಿಕರಿಗೂ ಉಣ್ಣೆಯ ಮುಖಗವಸು ಹೆಣೆದು ಕಳಿಸಿದರು. ಎಂಬತ್ತು ಗವಸುಗಳೂ ಒಂದೇ ಥರ. ನನ್ನದೊಂದು ಮಾತ್ರ ಎಡಗೆನ್ನೆಯ ಕಡೆ ಎರಡು ಪದರ. ಒಳಗೊಂದು ಚೀಟಿ: "ಕೂದಲಿಲ್ಲದ ಕಡೆ ಚಳಿ ಹೆಚ್ಚಂತೆ." ಎಡಗೆನ್ನೆಯ ವಿಷಯ ಅವರಿಗೆ ಹೇಗೆ ಗೊತ್ತಾಯಿತು? ಅಣ್ಣನೇ ಹೇಳಿರಬೇಕು ಎಂದುಕೊಂಡು ಸುಮ್ಮನಾದೆ. ನಾನು ದಡ್ಡನಲ್ಲ ಸಭಿಕರೇ, ಆದರೆ ನೌಕಾಪಡೆಯವನು.

ನಲವತ್ತೊಂದರ ಫೆಬ್ರವರಿಯಲ್ಲಿ ನಾರ್ವೆಯ ಸರಕು ಹಡಗೊಂದಕ್ಕೆ ಬೆಂಕಿ ಬಿತ್ತು. ಸುತ್ತ ಶತ್ರುಗಳ ಜಲಾಂತರ್ಗಾಮಿಗಳಿದ್ದವು. ನಿಂತ ಹಡಗು ಸತ್ತ ಹಡಗು ಎಂಬುದು ಎಲ್ಲರಿಗೂ ಗೊತ್ತು. ಸಾಹೇಬರು 'ಪಾರ್ಸ್ಲಿ'ಯನ್ನು ಆ ಬೆಂಕಿಯ ಪಕ್ಕಕ್ಕೇ ಒಯ್ದು ನಿಲ್ಲಿಸಿದರು. ಇಪ್ಪತ್ತು ನಿಮಿಷ. ಬಣ್ಣ ಸುಟ್ಟು ಗುಳ್ಳೆ ಏಳುತ್ತಿತ್ತು. ಅವರು ಎರಡು ಸಲ ಮಾತಾಡಿದರು. ಒಂದು ಸಲ "ನಿಧಾನ, ಯಾರೂ ತಳ್ಳಬೇಡಿ," ಎಂದರು. ಇನ್ನೊಂದು ಸಲ "ಈ ಕೋಕೋ ತಣ್ಣಗಾಗಿದೆ ಕಿಟ್ಟೋ," ಎಂದರು. ಮೂವತ್ತೊಂದು ಜನ ಹಗ್ಗ ಹಿಡಿದು ಹತ್ತಿ ಬಂದರು. ಕೊನೆಗೆ ಬಂದ ಅವರ ಯಜಮಾನನಿಗೆ ಹೊಟ್ಟೆಯವರೆಗೆ ಗಡ್ಡ, ಅದರ ತುದಿಯಿಂದ ಹೊಗೆ. ಸಾಹೇಬರು ಅವನಿಗೆ ಸೆಲ್ಯೂಟ್ ಹೊಡೆದು, ನನ್ನ ಕಡೆ ತಿರುಗಿ ಪಿಸುಗುಟ್ಟಿದರು: "ನೋಡ್ಕೊಳಯ್ಯ, ಗಡ್ಡ ಅಂದ್ರೆ ಅದು." ಆ ಉತ್ಸಾಹದಲ್ಲಿ ನಾನು ಮೂರನೆಯ ಸಲ ಗಡ್ಡದ ಅರ್ಜಿ ಹಾಕಿದೆ. ಫಲಿತಾಂಶ ನಿಮಗೆ ಗೊತ್ತಿದೆ.

ಹೀಗೆ ಎರಡು ಮಹಾಯುದ್ಧ, ಮೂರು ಹಡಗು, ನಾಲ್ಕು ಪದಕ, ಇನ್ನೂರು ಕೋಳಿ. ಈಗ ಸಾಹೇಬರ ಎದೆಗೆ ಸಮುದ್ರದ ತೇವ ಒಗ್ಗುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಆದ್ದರಿಂದ ಇಡೀ ಇಂಗ್ಲೆಂಡಿನಲ್ಲಿ ಸಮುದ್ರಕ್ಕೆ ಎಲ್ಲಕ್ಕಿಂತ ದೂರದ ಜಾಗ ಹುಡುಕಿ, ಅಲ್ಲಿರುವ ಸೋದರಸಂಬಂಧಿಯ ಮನೆಗೆ ಹೋಗುತ್ತಿದ್ದಾರೆ. ನಾವು ಊರಿನವರು ಅವರಿಗೆ ಹವಾಮಾನ ತಿಳಿಸುವ ಹಿತ್ತಾಳೆ ಯಂತ್ರವನ್ನು ಕಾಣಿಕೆ ಕೊಟ್ಟಿದ್ದೇವೆ. ಬಿರುಗಾಳಿ ಬಂದರೆ ಅಲ್ಲಿ ಕುರಿಗಳನ್ನು ಎಚ್ಚರಿಸಬಹುದು.

ಈಗ ಆ ಅರ್ಜಿಯ ವಿಷಯ.

ಹತ್ತೊಂಬತ್ತನೆಯ ಇಸವಿಯಲ್ಲಿ ನಾನು ಹದಿಮೂರು ವರ್ಷ ನೌಕಾಪಡೆಯಲ್ಲಿ ಕಳೆದಿದ್ದೆ. ರಜೆ ಬೇಕೆಂದರೆ ಕ್ಯಾಪ್ಟನ್, ಗಡ್ಡ ಬೇಕೆಂದರೆ ಕ್ಯಾಪ್ಟನ್, ಹಲ್ಲು ಕೀಳಿಸಬೇಕೆಂದರೂ ಕ್ಯಾಪ್ಟನ್. ಹಾಗಿರುವಾಗ ನಾನು ಏನು ಮಾಡಿದೆ? ಸಾಲಿನಲ್ಲಿ ನಿಂತೆ. ಟೋಪಿ ತೆಗೆದೆ. ನಮೂನೆಯ ಪ್ರಕಾರ ಬರೆದ ಕಾಗದ ಕೊಟ್ಟು ಹೇಳಿದೆ: "ನಾವಿಕ ಕಿಟ್ಟೋ, ಸರ್. ಮಿಸ್ ಹೆಸ್ಟರ್ ಪೆನ್‌ಹಾಲೋ ಅವರನ್ನು ಮದುವೆಯಾಗಲು ಅನುಮತಿ ಕೋರುತ್ತೇನೆ."

ಸಾಹೇಬರ ಮುಖ ಕೆಂಪಾಯಿತು, ಬಿಳಿಯಾಯಿತು. ಅಧಿಕಾರಿಯ ತಂಗಿ, ಸಾಮಾನ್ಯ ನಾವಿಕ. ಆ ಕಾಲದಲ್ಲಿ ಹಾಗೆ ಕೇಳಿದ್ದಕ್ಕೇ ನನ್ನನ್ನು ಸಮುದ್ರಕ್ಕೆ ಎಸೆಯಬಹುದಿತ್ತು. ಅವರು ಎಸೆಯಲಿಲ್ಲ. "ಮುಂದೂಡಿದೆ," ಎಂದರು. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಮುಂದೂಡಿದ ಅರ್ಜಿಯನ್ನು ಕ್ಯಾಪ್ಟನ್ನೇ ಮತ್ತೆ ಕರೆದು ವಿಚಾರಿಸುತ್ತಾರೆ, ನಾವಿಕ ನೆನಪಿಸುವುದು ಉದ್ಧಟತನ ಎಂದು ನಾನು ತಿಳಿದಿದ್ದೆ. ಆದ್ದರಿಂದ ಕಾದೆ. ಗುಡ್ಡದ ಅಂಗಡಿಯಲ್ಲಿ, ಗೇಟು ನೋಡುತ್ತ ಕಾದೆ. ಮಧ್ಯೆ ಒಂದು ಮಹಾಯುದ್ಧ ಬಂತು, ಅಲ್ಲೂ ಕಾದೆ. ಎರಡು ವಾರದ ಹಿಂದೆ ಅವರು ಊರು ಬಿಡುವ ಸುದ್ದಿ ಬಂದ ದಿನ, ಗಡ್ಡದ ನೆಪದಲ್ಲಾದರೂ ಅರ್ಜಿಗಳ ವಿಷಯ ಎತ್ತೋಣವೆಂದು ಕ್ಷೌರ ನಿಲ್ಲಿಸಲು ಅನುಮತಿ ಕೇಳಿದೆ. "ಈ ವಯಸ್ಸಲ್ಲೂ ಬುದ್ಧಿ ಬರಲಿಲ್ಲವಲ್ಲಯ್ಯ ನಿನಗೆ! ಸರಿ, ಹದಿನಾಲ್ಕು ದಿನ," ಎಂದರು. ಕಳೆದ ಮಂಗಳವಾರ ಅವರ ಗಲ್ಲಕ್ಕೆ ಸೋಪು ಹಚ್ಚುತ್ತ ಧೈರ್ಯ ಮಾಡಿದೆ.

"ಸರ್, ಹತ್ತೊಂಬತ್ತರ ಒಂದು ಅರ್ಜಿ ಬಾಕಿ ಇದೆ."

"ಯಾವುದು? ಓ, ಅದಾ? ನೀನು ಮತ್ತೆ ತರಲೇ ಇಲ್ಲವಲ್ಲ! ಬೇಡವಾಯ್ತು ಅಂದ್ಕೊಂಡೆ."

"ನೀವು ಕರೆಯಲೇ ಇಲ್ಲವಲ್ಲ ಸರ್!"

"ನಾನ್ಯಾಕೆ ಕರೀಲಿ? ಅರ್ಜಿದಾರ ನೀನು!"

"ಮುಂದೂಡಿದ್ದು ನೀವು ಸರ್!"

ಕತ್ತಿ ಗಾಳಿಯಲ್ಲೇ ನಿಂತಿತು. ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದೆವು. ನಾನು ಮೆಲ್ಲಗೆ ಕೇಳಿದೆ: "ಮಿಸ್ ಹೆಸ್ಟರ್ ಏನಂದ್ರು ಸರ್ ಆಗ?"

"ಅವಳಾ? ಅವಳಿಗೆ ಯಾಕೆ ಹೇಳಲಿ? ಅರ್ಜಿ ಬಂದಿದ್ದು ನನ್ನ ಮುಂದೆ."

ಅಂದರೆ ಸಭಿಕರೇ, ಇಪ್ಪತ್ತೊಂಬತ್ತು ವರ್ಷಗಳಿಂದ ಒಂದು ಮದುವೆಯ ಪ್ರಸ್ತಾಪ ನಮ್ಮಿಬ್ಬರು ಗಂಡಸರ ನಡುವೆ ಬಹಳ ಶಿಸ್ತಿನಿಂದ ನಿಂತಿತ್ತು. ಮದುಮಗಳಿಗೆ ಮಾತ್ರ ತಿಳಿಸಿರಲಿಲ್ಲ. ಈ ಕ್ಷಣದವರೆಗೂ.

ಸಾಹೇಬರೇ, ಮೇಲೇಳಬೇಡಿ. ಇಂದಿನ ತಪಾಸಣೆ ನಿಮ್ಮದಲ್ಲ. ನಿಮ್ಮ ಆಜ್ಞೆಗಳನ್ನೆಲ್ಲ ಪಾಲಿಸಿದ್ದೇನೆ, ಇದೊಂದು ವಿಷಯದಲ್ಲಿ ನಾನು ತಪ್ಪು ಸಾಲಿನಲ್ಲಿ ನಿಂತಿದ್ದೆ. ಬೀಗ ಮುರಿಯುವ ಒಬ್ಬರು ಆ ಮನೆಯಲ್ಲೇ ಇರುವಾಗ ನಾನು ಬೀಗ ಹಾಕಿದವರ ಮುಂದೆ ಕೈಕಟ್ಟಿ ನಿಂತಿದ್ದೆ.

ಮಿಸ್ ಹೆಸ್ಟರ್, ಟೋಪಿ ತೆಗೆದಿದ್ದೇನೆ. ನಿವೃತ್ತ ನಾವಿಕ ಸೈಲಸ್ ಕಿಟ್ಟೋ, ಕ್ಷೌರಿಕ, ವಯಸ್ಸು ಐವತ್ತೆಂಟು. ಎಡಗೆನ್ನೆ ಈಗಲೂ ಹಾಗೆಯೇ ಇದೆ. ನಾಳೆಯ ರೈಲಿಗೆ ನೀವು ಹೋಗದಿರಿ ಎಂದು ಕೋರುತ್ತೇನೆ. ಉತ್ತರ ಇಲ್ಲೇ ಕೊಡಬೇಕಿಲ್ಲ. ಗಡ್ಡಕ್ಕೆ ಕೊಡುವ ಹದಿನಾಲ್ಕು ದಿನ ನೀವೂ ತೆಗೆದುಕೊಳ್ಳಬಹುದು. 'ಮುಂದೂಡಿದೆ' ಎಂದು ಮಾತ್ರ ಹೇಳಬೇಡಿ.

...

ಶ್ರೀಮತಿ ಬಿಡಿಕ್, ಸ್ವಲ್ಪ ದಾರಿ ಬಿಡಿ. ಅವರು ಈ ಕಡೆಗೇ ಬರುತ್ತಿದ್ದಾರೆ. ಕನ್ನಡಕ ಹಾಕಿಕೊಂಡರು. ಮುಖವನ್ನು ಬೆಳಕಿಗೆ ತಿರುಗಿಸಬೇಕೆ? ತಿರುಗಿಸಿದೆ, ಮಿಸ್...

ಹಿಂದಿನ ಸಾಲಿನವರಿಗೆ ಕೇಳಿಸಿರಲಿಕ್ಕಿಲ್ಲ, ನಾನೇ ಹೇಳುತ್ತೇನೆ. "ಟಿಕೆಟ್ ವಾಪಸ್ ಕೊಡೋಕೆ ಬೆಳಗ್ಗೆ ಸ್ಟೇಷನ್ನಿಗೆ ನನ್ನ ಜೊತೆ ಬರೋದಾದ್ರೆ, ಮೊದಲು ಇದನ್ನ ಬೋಳಿಸಿ ಮಿಸ್ಟರ್ ಕಿಟ್ಟೋ," ಎಂದರು ಅವರು.

ನಾಲ್ಕನೆಯ ಸಲ ತಿರಸ್ಕೃತವಾದ ಗಡ್ಡ ಇದು. ಆದರೆ ನನಗೆ ಬೇಸರವಿಲ್ಲ. ಈ ಮನೆತನದವರು ಬೋಳಿಸು ಎಂದರೆ ದಡ ಬಂತು ಎಂದೇ ಅರ್ಥ. ದೋಣಿಯಲ್ಲಿ ಕುಳಿತು ಕಲಿತ ಪಾಠ ಇದು. ಸಾಹೇಬರೇ, ಡರ್ಬಿಶೈರಿನಲ್ಲಿ ಮೊಟ್ಟೆ ಬೇಯಿಸುವುದನ್ನು ನೀವೇ ಕಲಿಯಬೇಕಾಗುತ್ತದೆ. ಕೋಳಿಗಳ ಬಗ್ಗೆ ನಿಮಗೆ ಅನುಭವವಿದೆ. ಬೇಸಿಗೆಗೆ ಗಾಳಿ ಒಣಗಿದಾಗ ಇಲ್ಲಿಗೆ ಬನ್ನಿ, ಕ್ಷೌರಕ್ಕೆ ಅಡುಗೆಮನೆಯ ಸ್ಟೂಲು ಅಲ್ಲೇ ಇರುತ್ತದೆ.

ಹತ್ತು ನಿಮಿಷವನ್ನು ಇಪ್ಪತ್ತೊಂಬತ್ತು ವರ್ಷ ಮಾಡಿದ್ದಕ್ಕೆ ಅಧ್ಯಕ್ಷರು ಮನ್ನಿಸಬೇಕು. ಅವರಿಗೆ ನನ್ನಿಂದ ಚರ್ಚಿನಲ್ಲಿ ಇನ್ನೊಂದು ಕೆಲಸವೂ ಬರಲಿದೆ, ದಯವಿಟ್ಟು ಮುಂದೂಡಬಾರದು. ಕೇಳಿದ ನಿಮಗೂ, ಬನ್ನು ಮಾಡಿದವರಿಗೂ, ಎರಡು ಯುದ್ಧಗಳಿಂದ ನನ್ನನ್ನು ದಡ ಮುಟ್ಟಿಸಿದವರಿಗೂ ನನ್ನ ಕೃತಜ್ಞತೆ. ಸೋಪು ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಮುಂದಕ್ಕೆ ದಾಟಿಸಿ. ಎಲ್ಲರಿಗೂ ನಮಸ್ಕಾರ.